ಸುಣ್ಣಕ್ಕೆ ಸವೆದ ಬೆರಳು

ಅಮೆರಿಕದ ಟೂಸಾನ್‌ನ ನಮ್ಮ ದಕ್ಷಿಣದ ಬೀದಿಗೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹಿಟ್ಟಿನ ಗಿರಣಿಯ ಬಾಗಿಲಲ್ಲಿ ಯೆಸೇನಿಯಾ ಬೋರ್ಕೆಸ್ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ, ಎರಡೂ ಕೈಗೆ ಕಾಲುಚೀಲ ತೊಟ್ಟು. ಒಳಗೆ ಸುಣ್ಣದ ನೀರಲ್ಲಿ ಬೆಂದ ಮೆಕ್ಕೆಜೋಳದ ಹಂಡೆಗಳು ಹಬೆಯಾಡುತ್ತಿವೆ. ಕ್ರಿಸ್‌ಮಸ್ ವಾರ, ತಮಾಲೆ ಕಡುಬಿನ ಹಿಟ್ಟಿಗೆ ಬೀದಿಯೇ ಸಾಲುಗಟ್ಟುವ ಕಾಲ. ಇಂಥ ದಿನ ಇವಳು ಹೊರಗಿದ್ದಾಳೆಂದರೆ ಕೆಲಸ ಹೋಗಿರಬೇಕು; ಏನಾಯಿತೆಂದು ಕೇಳುತ್ತೇನೆ.

"ಕೆಲಸ ಹೋಗಿಲ್ಲ ಅಕ್ಕಾ, ಬೆರಳಚ್ಚು ಹೋಗಿದೆ," ಎನ್ನುತ್ತಾಳೆ.

ಕಾಲುಚೀಲ ಕಳಚಿ, ಮುಲಾಮು ಮೆತ್ತಿದ ಕೈ ಚಾಚುತ್ತಾಳೆ. ಬೆರಳ ತುದಿಗಳು ಗೋಲಿಯಷ್ಟು ನುಣುಪು, ಹೆಸರಿಗೊಂದು ಗೆರೆಯಿಲ್ಲ. ಇಪ್ಪತ್ತು ವರ್ಷ ಇವಳ ಕೈಯಿಂದಲೇ ಹಿಟ್ಟು ಕೊಂಡಿದ್ದೇನೆ, ಒಮ್ಮೆಯೂ ಆ ಬೆರಳು ನೋಡಿರಲಿಲ್ಲ.

ದಿನಕ್ಕೆ ಹತ್ತು ಹಂಡೆ ಜೋಳ ತಿಕ್ಕಿ ತೊಳೆದು ಸಿಪ್ಪೆ ಬಿಡಿಸುವುದು ಅವಳ ಕೆಲಸ. "ಗ್ಲೌಸ್ ಹಾಕಿದ್ರೆ ಸಿಪ್ಪೆ ಬಿಟ್ಟಿದೆಯಾ ಇಲ್ವಾ ಗೊತ್ತಾಗಲ್ಲ. ಬರಿಗೈಯೇ ಆಗ್ಬೇಕು."

ಮೆಕ್ಸಿಕೋದ ಸೊನೋರಾದಿಂದ ಅಮ್ಮನ ಸೊಂಟದ ಮೇಲೆ ಗಡಿ ದಾಟಿದಾಗ ಅವಳಿಗೆ ಮೂರು ವರ್ಷ. ತಾನು ಈ ದೇಶದವಳಲ್ಲ ಎಂಬುದು ತಿಳಿದದ್ದು ಹದಿನಾರಕ್ಕೆ, ಕಾರು ಓಡಿಸುವ ಆಸೆಯಾಗಿ ಲೈಸೆನ್ಸಿಗೆ ಕಾಗದಪತ್ರ ಹುಡುಕಿದಾಗ. ಹಾಗೆ ಚಿಕ್ಕಂದಿನಲ್ಲೇ ಕರೆತಂದ ಮಕ್ಕಳನ್ನು ಸದ್ಯಕ್ಕೆ ಹೊರಗಟ್ಟುವುದಿಲ್ಲ, ದುಡಿಯಲು ಬಿಡುತ್ತೇವೆ ಎಂಬ ಸರ್ಕಾರದ ರಕ್ಷಣೆಯ ಮೇಲೆ ಅವಳ ಬದುಕು ನಿಂತಿದೆ. ಅದು ಪೌರತ್ವವಲ್ಲ, ಎರಡೆರಡು ವರ್ಷಕ್ಕೆ ನವೀಕರಿಸಬೇಕು. ಹೋದ ತಿಂಗಳು ಬೆರಳಚ್ಚು ಕೊಡಲು ಹೋದರೆ ಯಂತ್ರ ಓದಲೇ ಇಲ್ಲ. ಸೋಮವಾರ ಇನ್ನೊಮ್ಮೆ ಕರೆದಿದ್ದಾರೆ; ಅಲ್ಲಿಯವರೆಗೆ ಕೈಗೆ ಬಿಡುವು ಕೊಟ್ಟರೆ ಗೆರೆ ಮೂಡೀತೆಂದು ಕಾಯುತ್ತಿದ್ದಾಳೆ. ಆಗಲೂ ಓದದಿದ್ದರೆ ಅರ್ಜಿ ನೆನೆಗುದಿಗೆ ಬೀಳುತ್ತದೆ, ಅಷ್ಟರಲ್ಲಿ ಅವಧಿ ಮುಗಿದರೆ ಕೆಲಸವೂ ಇಲ್ಲ, ಗಡೀಪಾರಿಗೆ ತಡೆಯೂ ಇಲ್ಲ.

ಗಿರಣಿಯಲ್ಲಿ ದುಡಿಯಲು ಪರವಾನಗಿ ಬೇಕು, ಪರವಾನಗಿಗೆ ಬೆರಳಚ್ಚು ಬೇಕು, ಬೆರಳಚ್ಚನ್ನು ಗಿರಣಿಯೇ ತಿಂದುಹಾಕಿದೆ. ಇದೆಂಥ ಅನ್ಯಾಯ ಎಂದು ಯಾರ ಮುಂದೆ ಕೂಗಬೇಕೋ ತಿಳಿಯುವುದಿಲ್ಲ.

ಒಳಗೆ ಇವಳ ಬದಲು ಹಂಡೆಗೆ ಕೈ ಹಾಕಿರುವವಳು ಇವಳ ತಂಗಿ ಲಿಜ್‌ಬೆತ್. ಇಲ್ಲೇ ಹುಟ್ಟಿದವಳು, ಓಟು ಹಾಕುವವಳು. ಬ್ಯಾಂಕಿಗೆ ರಜೆ ಹಾಕಿ ಬಂದಿದ್ದಾಳೆ. "ನನ್ನ ಬೆರಳು ಸವೆದ್ರೆ ಯಾರು ಕೇಳ್ತಾರೆ?" ಎನ್ನುತ್ತಾಳೆ. ಒಂದೇ ತಾಯಿ ಹೆತ್ತ ಇಬ್ಬರು!

ಹಬೆಯ ವಾಸನೆ ಬದಲಾಗುತ್ತದೆ. ಯೆಸೇನಿಯಾ ದಡಕ್ಕನೆ ಏಳುತ್ತಾಳೆ. "ಲೇ, ಜೋಳ ಅಂಬಲಿ ಆಗ್ತಿದೆ ಕಣೇ, ನೀರು ಬಸಿ!"

ಗಿರಣಿಯ ಯಜಮಾನ ಮುದುಕ ದೊನ್ ಎಲೀಹಿಯೊ ಹೊಸ್ತಿಲಿಗೆ ಅಡ್ಡ ನಿಲ್ಲುತ್ತಾನೆ. "ಒಳಗೆ ಬಂದ್ರೆ ಕಾಲು ಮುರೀತೀನಿ. ಹಬ್ಬದ ಹಿಟ್ಟು ಹಾಳಾಗಿ ಹೋಗ್ಲಿ. ನೀನು ಕೂತ್ಕೊಂಡು ಬೆರಳು ಬೆಳೆಸು!"

ಅವಳು ನಗುತ್ತಾ ಕೂರುತ್ತಾಳೆ. ಬೆಳಕು ಬಂದಿದೆ. ಹೆಬ್ಬೆರಳನ್ನು ಬೆಳಕಿಗೆ ಹಿಡಿದು, "ನೋಡಿ, ಈ ಮೂಲೇಲಿ ಒಂದು ಗೆರೆ ಬರ್ತಿದೆಯಲ್ವಾ?" ಎನ್ನುತ್ತಾಳೆ. ನನಗೆ ಕಾಣುವುದಿಲ್ಲ. ಕಾಣುತ್ತದೆ ಎನ್ನುತ್ತೇನೆ.

"ಸೋಮವಾರದ ತನಕ ಇದ್ರೆ ಸಾಕು. ಮಂಗಳವಾರ ಮತ್ತೆ ಹಂಡೆಗೆ ಕೈ ಹಾಕ್ತೀನಿ."

"ಮತ್ತೆ ಸವೆಯುತ್ತಲ್ಲೇ?"

"ಸವೀಲಿ ಬಿಡಿ. ಅಲ್ಲಿಂದ ನಾನು ತಂದಿದ್ದು ಈ ಗೆರೆಗಳನ್ನಷ್ಟೇ ಅಕ್ಕಾ. ಅವನ್ನೂ ಇಲ್ಲೇ ಸವೆಸಿದೀನಿ."