ಖಾಲಿ ಚೀಲದ ಮೇಲೆ ಹತ್ತಿದ ಘಟ್ಟ

ವರ್ಷದ ಮೆಣಸಿನಕಾಯಿ ತರಲು ಮೊನ್ನೆ ಬ್ಯಾಡಗಿಗೆ ಹೋಗಿದ್ದೆ. ಬಣ್ಣ ನೋಡಿ ಮರುಳಾಗಬೇಡಿ, ಮುರಿದು ನೋಡಿ ತನ್ನಿ ಎಂದು ಮನೆಯಲ್ಲಿ ಕಟ್ಟಪ್ಪಣೆಯಾಗಿತ್ತು. ಹಾಗಾಗಿ ದೊಡ್ಡ ಜಾಣನ ಹಾಗೆ ಒಂದೊಂದೇ ಕಾಯಿ ಮುರಿದು ಮೂಸುತ್ತ ನಿಂತಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ಹಮಾಲನೊಬ್ಬ ಖಾಲಿ ಚೀಲಗಳನ್ನು ಕೊಡವಿ ಅಟ್ಟಿ ಹಾಕತೊಡಗಿದ. ತುಂಬಿದ ಚೀಲ ಯಾರಿಗೂ ಏನೂ ಮಾಡುವುದಿಲ್ಲ. ಖಾಲಿ ಚೀಲದ ಧೂಳೇ ಕೆಟ್ಟದ್ದು. ಒಂದು ಸೀನು ಬಂತು. ಒಂಟಿ ಸೀನು ಅಪಶಕುನವೆನ್ನುತ್ತಾರಲ್ಲ, ಆ ಅಂಜಿಕೆಗೆ ಎಂಬಂತೆ ಎರಡನೆಯದು ಬಂತು, ಮೂರನೆಯದು ಬಂತು. ಹತ್ತರ ನಂತರ ನಾನು ಎಣಿಸಲಿಲ್ಲ.

ಹಮಾಲ ಕೈ ನಿಲ್ಲಿಸಿ ನಕ್ಕ. "ಯಾಕ್ರಿ ಯಜಮಾನ್ರ, ಯಾವತ್ತೂ ಖಾಲಿ ಚೀಲದ ಹತ್ರ ಕುಂತಿಲ್ಲೇನು?"

ನಾನು ಮೂಗಿಗೆ ಟವೆಲ್ಲು ಒತ್ತಿಕೊಂಡೆ. ಉತ್ತರ ಹೇಳಲು ಮೂಗು ಬಿಡಲಿಲ್ಲ ಎಂದು ನೀವು ತಿಳಿದುಕೊಂಡರೆ ನನಗೆ ಅನುಕೂಲ. ನಿಜವಾಗಿ ಬಾಯಿ ಬಿಡಲಿಲ್ಲ.

ಮೂವತ್ತು ವರ್ಷದ ಹಿಂದಿನ ಮಾತು. ಆಗ ನಾನು ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಎದುರಿಗೆ ಈರಣ್ಣನ ಸೈಕಲ್ ಅಂಗಡಿ. ಅಂಗಡಿ ಎಂದರೆ ಒಂದು ತಗಡಿನ ಶೆಡ್ಡು, ಒಂದು ಗಾಳಿ ಪಂಪು, ಪಂಚರ್ ನೋಡಲು ಒಂದು ಬೋಗುಣಿ ನೀರು, ಇಷ್ಟೇ. ಈರಣ್ಣ ಕಡ್ಡಿಯಂಥವನು. ಮಾತೂ ಕಡ್ಡಿ ಮುರಿದಷ್ಟೇ. ನಾನೋ, ನೀವು ನೋಡುತ್ತಿದ್ದೀರಲ್ಲ, ಆಗಲೂ ಹೀಗೇ. ರೈತರು ಬೀಜದ ಚೀಲ ಕಟ್ಟಿಸಿಕೊಂಡ ಮೇಲೂ ನನ್ನ ಮಾತು ಕೇಳುತ್ತ ಇನ್ನೊಂದು ತಾಸು ಕೂಡುತ್ತಿದ್ದರು. ನಮ್ಮಜ್ಜಿ ಮಾತ್ರ, "ಇಂವಾ ಬ್ಯಾಡಗಿ ಮೆಣಸಿನಕಾಯಿ ಇದ್ಹಂಗ. ಬಣ್ಣ ಭಾಳ, ಖಾರ ಇಲ್ಲ" ಎನ್ನುತ್ತಿದ್ದಳು. ಹೊಗಳಿಕೆ ಎಂದು ತಿಳಿದು ನಾನು ಅದನ್ನು ಎಷ್ಟೋ ಜನರಿಗೆ ಹೇಳಿಕೊಂಡು ತಿರುಗಿದ್ದೇನೆ.

ನಮ್ಮಿಬ್ಬರಿಗೂ ಗುಡ್ಡದ ಹುಚ್ಚು. ಅಮಾವಾಸ್ಯೆಗೆ ಅಂಗಡಿ ಬಂದಾದರೆ ಸಾಕು, ಬುತ್ತಿ ಕಟ್ಟಿಕೊಂಡು ಹೊರಡುವುದು. ಮೊದಲು ಹಲಗೇರಿಯ ದಾರಿಯಲ್ಲಿ ಕಾಲು ಪಳಗಿಸಿದೆವು. ಆಮೇಲೆ ದೇವರಗುಡ್ಡ. ಒಂದು ಸಲ ಕಪ್ಪತಗುಡ್ಡದ ಬುಡದ ತನಕ ಸೈಕಲ್ಲು, ಅಲ್ಲಿಂದ ನೆತ್ತಿಗೆ ನಡಿಗೆ. ಜನ ದೇವರಿಗೆ ಹೋಗುತ್ತಾರೆ, ಸೌದೆಗೆ ಹೋಗುತ್ತಾರೆ, ದನ ಹುಡುಕಲು ಹೋಗುತ್ತಾರೆ. ಸುಮ್ಮನೆ ಹತ್ತಿ ಸುಮ್ಮನೆ ಇಳಿದು ಬರುವವರನ್ನು ಊರು ಕಂಡಿರಲಿಲ್ಲ. "ಮ್ಯಾಲೆ ಏನೈತ್ರಲೇ?" ಎಂದು ಕೇಳಿದವರಿಗೆ ಈರಣ್ಣ "ಗಾಳಿ" ಎನ್ನುತ್ತಿದ್ದ. ನಾನು ಅದೇ ಗಾಳಿಯ ಮೇಲೆ ಅರ್ಧ ತಾಸು ಹೇಳುತ್ತಿದ್ದೆ.

ಶಿರಸಿ ದಾಟಿ ಕುಮಟಾಕ್ಕೆ ಇಳಿಯುವ ಘಟ್ಟವನ್ನು ಸೈಕಲ್ ಮೇಲೆ ನೋಡಬೇಕೆಂದವನು ಈರಣ್ಣ. ಇಳಿದು ಸಮುದ್ರ ನೋಡಿ ಬಸ್ಸಿನ ಮೇಲೆ ಸೈಕಲ್ ಹಾಕಿ ಬರೋಣ ಎಂದೆ ನಾನು. ಅವನು ಒಪ್ಪಲಿಲ್ಲ. "ಇಳಿಯಾಕ ನೀರಿಗೂ ಬರತೈತಿ. ಹತ್ತಾಕ ಮನಷ್ಯಾ ಬೇಕು" ಎಂದ. ಅವನು ಆ ವರ್ಷ ಆಡಿದ ಅತಿ ಉದ್ದನೆಯ ಮಾತು ಅದೇ ಇರಬೇಕು.

ಹಾವೇರಿ, ಹಾನಗಲ್ಲು, ಶಿರಸಿ. ದಾರಿಯುದ್ದಕ್ಕೂ ನಾನು ಹಾಡುತ್ತ ಹೋದೆ. ಘಟ್ಟ ಇಳಿಯುವಾಗಲಂತೂ ನನ್ನಂಥ ವೀರನಿರಲಿಲ್ಲ. ಸಮುದ್ರ ನೋಡಿದೆವು. ಈರಣ್ಣ ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡು, "ಖರೇನ ಉಪ್ಪೈತಿ" ಎಂದು ಉಗುಳಿದ. ಮರುದಿನ ಹತ್ತಲು ಶುರು ಮಾಡಿದೆವು. ಮಾಘ ಕಳೆದ ಬಿಸಿಲು. ಗೇರು ಇಲ್ಲದ ಕರಿ ಸೈಕಲ್ಲು. ತುಳಿಯುವುದು ಹೋಗಿ ತಳ್ಳುವುದಾಯಿತು. ಮೂರನೆಯ ತಿರುವಿಗೆ ನನ್ನ ಹಾಡು ನಿಂತಿತು, ನಾಲ್ಕನೆಯದಕ್ಕೆ ಮಾತು ನಿಂತಿತು. ನನ್ನ ಮಾತು ನಿಂತದ್ದು ಕೇಳಿ ಈರಣ್ಣನೇ ಗಾಬರಿಯಾಗಿ ಹಿಂದೆ ನೋಡಿದ.

"ನೀ ಮುಂದ ನಡಿ. ನಾ ಚೂರು ಕುಂತು ಬರ್ತೇನಿ" ಎಂದು ಒಂದು ಮೋರಿಯ ಕಟ್ಟೆಯ ಮೇಲೆ ಕೂತೆ. ಅವನು ತಿರುವಿನಾಚೆ ಮರೆಯಾದ. ಆಗ ಕೆಳಗಿನಿಂದ ಏದುಸಿರು ಬಿಡುತ್ತ ಲಾರಿಯೊಂದು ಬಂತು. ನಾನು ಕೈ ಮಾಡಿದ್ದು ನೀರು ಕೇಳಲಿಕ್ಕೆ. ಖರೆ ಹೇಳುತ್ತೇನೆ, ನೀರು ಕೇಳಲಿಕ್ಕೇ. ಆದರೆ ಡ್ರೈವರ್ ತಲೆ ಹೊರಗೆ ಹಾಕಿ, "ಯಾವೂರೋ ತಮ್ಮಾ? ರಾಣೆಬೆನ್ನೂರಾ? ನಾ ಬ್ಯಾಡಗ್ಯಾಂವ. ಹತ್ತಲೇ, ಬಿಸಲಾಗ ಸಾಯ್ತೀ" ಎಂದ. ನಮ್ಮ ಕಡೆಯ ಮಾತು ಕೇಳಿದ್ದೇ ತಡ, ನನ್ನ ಕಾಲುಗಳು ನನ್ನನ್ನು ಕೇಳದೆ ಹತ್ತಿಬಿಟ್ಟವು. ಮೆಣಸಿನಕಾಯಿ ಇಳಿಸಿ ವಾಪಸು ಹೊರಟ ಲಾರಿ, ಹಿಂದೆ ಬರೀ ಖಾಲಿ ಚೀಲದ ರಾಶಿ. ಸೈಕಲ್ಲನ್ನೂ ನನ್ನನ್ನೂ ಅದರ ಮೇಲೆ ಒಗೆದುಕೊಂಡು ಹೊರಟ. ಗಾಡಿ ಕುಲುಕಿದಂತೆಲ್ಲ ಧೂಳು ಏಳುವುದು, ನಾನು ಸೀನುವುದು.

ಎರಡು ತಿರುವು ದಾಟಿದ ಮೇಲೆ ಈರಣ್ಣ ಕಂಡ. ಹ್ಯಾಂಡಲ್ ಮೇಲೆ ಎದೆ ಊರಿ ತಳ್ಳುತ್ತಿದ್ದ. ಲಾರಿಗೆ ದಾರಿ ಬಿಟ್ಟು ಬದಿಗೆ ಸರಿದು, ಚೀಲಗಳ ಮೇಲೆ ನೆಟ್ಟಗೆ ನಿಂತಿದ್ದ ನನ್ನ ಸೈಕಲ್ಲಿನ ಹ್ಯಾಂಡಲ್ ನೋಡಿದ. ಗುರುತು ಹಿಡಿದು, ನಗುತ್ತ ಕೈ ಎತ್ತಿದ. ನಾನು ಚೀಲದೊಳಗೆ ತಲೆ ಹುದುಗಿಸಿಕೊಂಡೆ.

ಓದುವವರೇ, ಲಾರಿ ಹತ್ತಿದ್ದು ತಪ್ಪೇನಲ್ಲ, ದಣಿದವನು ಹತ್ತುತ್ತಾನೆ. ತಲೆ ಹುದುಗಿಸಿದ್ದು ನನ್ನ ಮೊದಲನೆಯ ನಾಚಿಕೆ. ಎರಡನೆಯದನ್ನು ಇನ್ನೂ ಹೇಳಬೇಕಾಗಿದೆ.

ಲಾರಿ ಸೀದಾ ಬ್ಯಾಡಗಿಗೆ ಬಂತು. ಅಲ್ಲಿಂದ ರಾಣೆಬೆನ್ನೂರು ಎಷ್ಟು ಮಹಾ ದೂರ! ಈರಣ್ಣನಿಗಿಂತ ಎರಡು ದಿನ ಮೊದಲೇ ನಾನು ಸ್ಟೇಷನ್ ರಸ್ತೆಯ ಚಹಾದಂಗಡಿಯಲ್ಲಿ ಕೂತಿದ್ದೆ. ಎಲ್ಲರೂ ಸುತ್ತುವರಿದರು. ನಾನು ಸಮುದ್ರ ಹೇಳಿದೆ, ಘಟ್ಟ ಹೇಳಿದೆ. ನಿಜವನ್ನೇ ಹೇಳುವವನಿದ್ದೆ. "ಅಷ್ಟೊತ್ತಿಗೆ ಒಂದು ಖಾಲಿ ಚೀಲದ ಲಾರಿ ಬಂತು ನೋಡ್ರಿ. ನಮ್ಮಿಬ್ಬರೊಳಗ ಒಬ್ಬಾಂವ ಅದನ್ನ ಹತ್ತಿಬಿಟ್ಟ" ಎಂದು, ಕಥೆಗೆ ಒಂದು ಬಿಗಿ ಇರಲೆಂದು, ತುಸು ತಡೆದೆ. ಆ ತಡೆದದ್ದೇ ಕೆಟ್ಟಿತು. ಚಹಾದಂಗಡಿಯ ಮಾಮಾ ತೊಡೆ ತಟ್ಟಿ, "ಈರ್ಯಾ! ನಾ ಅವತ್ತ ಹೇಳಿದ್ದಿಲ್ಲೇನು, ಆ ಕಡ್ಡಿಪೈಲವಾನನ ಕೈಲೆ ಆಗಂಗಿಲ್ಲಂತ! ಅದಕ್ಕ ನಾಚಿ ಇನ್ನೂ ಊರಿಗೆ ಬಂದಿಲ್ಲ!" ಎಂದ. ಎಲ್ಲರೂ ಹೋ ಎಂದು ನಕ್ಕರು. ನಾನೂ ನಕ್ಕೆ. ನಾನು ಹೇಳಿದ ಸುಳ್ಳು ಇಷ್ಟೇ, ಒಂದು ನಗೆ.

ಮೂರನೆಯ ದಿನ ಈರಣ್ಣ ಬಂದ. ಮುಖ ಸುಟ್ಟು ಕರಿಯಾಗಿತ್ತು. ಸೈಕಲ್ ನಿಲ್ಲಿಸುವ ಮೊದಲೇ ಮಾಮಾ ಕೂಗಿದ: "ಬಾರಪಾ ಲಾರಿ ಈರಣ್ಣ! ಚೀಲದ ಮ್ಯಾಲೆ ಚಲೋ ನಿದ್ದಿ ಬಂತೇನು?" ಈರಣ್ಣ ನನ್ನ ಕಡೆ ನೋಡಿದ. ಒಂದೇ ಸಲ ನೋಡಿದ. ನಾನು ಬಸಿಯಲ್ಲಿದ್ದ ಚಹಾ ನೋಡಿದೆ.

"ಬಂತ್ರಿ ಮಾಮಾ. ಭಾಳ ಚಲೋ ಬಂತು" ಎಂದ ಈರಣ್ಣ.

ಸಂಜೆ ಅವನೊಬ್ಬನೇ ಇದ್ದಾಗ ಹೋಗಿ, ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. "ನೀ ಹೇಳಾಕ ಶುರು ಮಾಡಿಬಿಟ್ಟಿದ್ದಿ. ಮಂದಿ ಮುಂದ ನಡುವ ಹೆಂಗ ನಿಂದರಸೂದಲೇ?" ಎಂದು ಪಂಚರ್ ಅಂಟಿಸಲು ಕೂತ.

ಅವನು ಬೈದಿದ್ದರೆ ನಾನು ಮರುದಿನವೇ ತಿದ್ದಿಕೊಳ್ಳುತ್ತಿದ್ದೆನೋ ಏನೋ. ಬೈಯಲಿಲ್ಲವಾದ್ದರಿಂದ ಕಥೆ ಬೆಳೆಯಿತು. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಅಂಗಡಿಗೆ ಬಂದ ರೈತರ ಮುಂದೆ ಹೇಳಿದೆ. ಲಾರಿಯಲ್ಲಿ ಈರಣ್ಣ ಹೇಗೆ ಸೀನಿದನೆಂದು ಸೀನಿ ತೋರಿಸುತ್ತಿದ್ದೆ. ನಾನು ಒಬ್ಬನೇ ಹತ್ತಿದ ದಾರಿಗೆ ಮರ ನೆಟ್ಟೆ, ಮಂಗ ಬಿಟ್ಟೆ. ಏಳನೆಯ ತಿರುವಿನಲ್ಲಿ, ಕೇಳುವವರಿಗೆ ಬಾಯಾರಿಕೆಯಾಗುವ ಹೊತ್ತಿಗೆ, ಕಲ್ಲುಗಳ ನಡುವೆ ತಣ್ಣಗಿನ ಒರತೆಯೊಂದನ್ನೂ ಚಿಮ್ಮಿಸಿದೆ. ಎಷ್ಟೋ ಸಲ ಈರಣ್ಣ ಅಲ್ಲೇ ಕೂತು ಎಲ್ಲರ ಜೊತೆ ನಗುತ್ತಿದ್ದ. ಅವನ ಅಂಗಡಿಗೆ ಊರವರ ಬಾಯಲ್ಲಿ ಲಾರಿ ಈರಣ್ಣನ ಅಂಗಡಿ ಎಂಬ ಹೆಸರೇ ನಿಂತಿತು. ಬೋರ್ಡು ಬರೆಯುವವನು ಕೂಡ ಒಮ್ಮೆ ಹಾಗೇ ಬರೆಯಲೇ ಎಂದು ಕೇಳಿದನಂತೆ. ಸುಳ್ಳಿಗೆ ಕಾಲಿಲ್ಲ, ಅದಕ್ಕ ಅದು ಮಂದಿ ಹೆಗಲ ಮ್ಯಾಲೆ ಕುಂತು ತಿರಗತೈತಿ ಎನ್ನುತ್ತಿದ್ದಳು ನಮ್ಮಜ್ಜಿ. ನನ್ನದು ಕೂತ ಹೆಗಲು ಯಾರದೆಂದು ನಿಮಗೆ ಗೊತ್ತಾಯಿತಲ್ಲ.

ಈರಣ್ಣನ ಮಗಳು ಪೂರ್ಣಿ ಈಗ ಹಾವೇರಿಯ ಒಂದು ಶಾಲೆಯಲ್ಲಿ ಆಟ ಕಲಿಸುವ ಟೀಚರು. ನನ್ನ ಕಥೆ ಕೇಳಿಯೇ ಬೆಳೆದವಳು. ಅವಳೂ ಅವಳ ಮೂವರು ಗೆಳತಿಯರೂ ಗೇರಿನ ಸೈಕಲ್ಲು ಕೊಂಡು ರವಿವಾರಕ್ಕೊಂದು ಗುಡ್ಡ ಹತ್ತುತ್ತಾರೆ. ಕಳೆದ ಬೇಸಿಗೆ ಅದೇ ಘಟ್ಟಕ್ಕೆ ಹೊರಟರು. ಹಿಂದಿನ ದಿನ ಬ್ರೇಕಿನ ರಬ್ಬರ್ ಬದಲಿಸಲು ಅಪ್ಪನ ಅಂಗಡಿಗೆ ಬಂದಿದ್ದಳು. ನಾನೂ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ.

"ಒಬ್ಬೊಬ್ಬರು ನಾಕ್ನಾಕು ಬಾಟ್ಲಿ ನೀರು ಒಯ್ಯಿರೆವಾ" ಎಂದ ಈರಣ್ಣ.

"ಅಷ್ಟು ಭಾರ ಯಾಕಪ್ಪಾ? ಒಂದೊಂದು ಸಾಕು. ಏಳನೇ ತಿರುವಿನ್ಯಾಗ ಕಾಕಾನ ಒರತಿ ಐತೆಲ್ಲ." ಫೋನು ತೆಗೆದು ನನಗೆ ತೋರಿಸಿದಳು. ನಕಾಶೆಯಲ್ಲಿ ಘಟ್ಟದ ರಸ್ತೆ ಹಾವಿನ ಹಾಗೆ ಬಿದ್ದಿತ್ತು. ಅದರ ಒಂದು ಬಾಗಿನಲ್ಲಿ ನೀಲಿ ಚುಕ್ಕೆ, ಪಕ್ಕದಲ್ಲಿ ಅವಳೇ ಬರೆದಿದ್ದಳು: ಕಾಕಾನ ಒರತೆ.

"ಅಲ್ಲಿ ನೀರು ಇರಂಗಿಲ್ಲವಾ" ಎಂದ ಈರಣ್ಣ, ಮೆಲ್ಲಗೆ.

"ನಿನಗ ಹೆಂಗ ಗೊತ್ತಪ್ಪಾ? ನೀ ಲಾರ್‍ಯಾಗ ಸೀನಿಕೋಂತ ಹೋದಾಂವ!"

ಅವಳ ಮಾತಿನಲ್ಲಿ ವಿಷವಿರಲಿಲ್ಲ. ಮನೆಯಲ್ಲಿ ದಿನಾ ಆಡುವ ಚೇಷ್ಟೆ. ಈರಣ್ಣ ನನ್ನ ಕಡೆ ನೋಡಿದ. ಮೂವತ್ತು ವರ್ಷದಲ್ಲಿ ಎರಡನೆಯ ಸಲ ಹಾಗೆ ನೋಡಿದ. ಆಮೇಲೆ ತಲೆ ತಗ್ಗಿಸಿ ಗಾಲಿ ತಿರುಗಿಸಿದ. ಮಗಳು ನೀರಿಲ್ಲದೆ ಆ ಬಿಸಿಲಿಗೆ ಹೋಗುವವಳಿದ್ದಳು. ಆಗಲೂ ಅವನ ಬಾಯಿಂದ ನನ್ನ ಹೆಸರು ಬರಲಿಲ್ಲ.

ನನಗೆ ಸ್ಟೂಲಿನ ಮೇಲೆ ಕೂಡಲಾಗಲಿಲ್ಲ. ಎದ್ದು ನಿಂತೆ. ಯಾವಾಗಲೂ ಮಾತಿಗೆ ಮೊದಲು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವವನು, ಅವತ್ತು ಅದನ್ನೂ ಮರೆತೆ.

"ಒರತಿ ಇಲ್ಲ ಪೂರ್ಣಿ. ನಾ ಮಾಡಿದ್ದದು. ಏಳನೇ ತಿರುವು ನಾ ನಡದು ನೋಡೇ ಇಲ್ಲ. ಲಾರಿ ಹತ್ತಿದಾಂವ ನಾನು. ನಿಮ್ಮಪ್ಪ ಹತ್ತಿದ್ದು ಘಟ್ಟ."

ಅವಳು ನಗಲು ಹೊರಟು ಅಪ್ಪನ ಮುಖ ನೋಡಿದಳು. ನಗೆ ಅರ್ಧಕ್ಕೆ ನಿಂತಿತು. "ಅದಕ್ಕ ಸೀನೂದು ಅಷ್ಟು ಖರೇ ಖರೇ ಮಾಡಿ ತೋರಸತಿದ್ರಿ, ಹೌದಲ್ರಿ ಕಾಕಾ?" ಎಂದಳು. ಬೈಗುಳವಲ್ಲ. ಬರೀ ಲೆಕ್ಕ ಹೊಂದಿಸಿ ನೋಡುವವರ ದನಿ. ಫೋನಿನ ಮೇಲೆ ಬೆರಳಿಟ್ಟು ನೀಲಿ ಚುಕ್ಕೆ ಅಳಿಸಿದಳು. ಸ್ಟೂಲನ್ನು ಅಪ್ಪನ ಕಡೆ ತಿರುಗಿಸಿಕೊಂಡು ಕೂತಳು. "ನೀ ಹೇಳಪ್ಪಾ. ನೀರು ಎಲ್ಲಿ ಸಿಗತೈತಿ?"

ಈರಣ್ಣ ಕೈಯ ಗ್ರೀಸು ಒರೆಸಿಕೊಂಡ. ಹೇಳಿ ರೂಢಿಯಿಲ್ಲ, ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ ತಡವರಿಸಿದ. "ಕೆಳಗ ಸೇತುವಿ ಹತ್ರ ಒಂದು ಮನಿ ಇತ್ತು, ಅಲ್ಲೇ ತುಂಬಿಸ್ಕೊಂಡಿದ್ದೆ. ಆಮ್ಯಾಲೆ ಮ್ಯಾಲಿನತನಕ ಹನಿ ಇಲ್ಲ. ತಿರುವಿಗೊಂದು ಗುಟುಕು ಕುಡೀಬೇಕು, ಜಾಸ್ತಿ ಕುಡದ್ರ ಹೊಟ್ಟಿ ಹಿಡೀತೈತಿ. ನಂದು ಅರ್ಧ ಬಾಟ್ಲಿ ಉಳದಿತ್ತು."

"ಉಳಿಸಿದ್ದ್ಯಾಕ?"

"ಇಂವಾ ಮ್ಯಾಲೆ ಇಳದು ಕಾಯ್ತಿರತಾನಂತ ತಿಳದಿದ್ದೆ. ಇಂವಂಗ ಬೇಕಾಗತೈತೆಲ್ಲ. ಹೋಗಿ ನೋಡಿದ್ರ ಇಲ್ಲ, ತಿರುಗಿ ಬರ್ತಾನಂತ ಹೊತ್ತು ಮುಳುಗೂತನಕ ಕುಂತಿದ್ದೆ. ಬರಲಿಲ್ಲ. ಆಮ್ಯಾಲೆ ನಾನ ಕುಡದೆ."

ಇಷ್ಟೇ. ಒಂದು ಚಹಾ ಆರುವಷ್ಟರಲ್ಲಿ ಮುಗಿಯಿತು. ಆ ಘಟ್ಟದ ಮೇಲೆ ನನಗೆಂದು ನಿಜವಾಗಿ ಇದ್ದ ನೀರು ಆ ಅರ್ಧ ಬಾಟಲಿ. ಅದನ್ನು ಬಿಟ್ಟು ನಾನು ಒರತೆ ಕಟ್ಟುತ್ತ ಕೂತಿದ್ದೆ.

ಪೂರ್ಣಿ ನಾಲ್ಕು ಬಾಟಲಿ ಒಯ್ದಳು. ಹತ್ತಿ ಬಂದಳು. "ಏಳನೇ ತಿರುವಿನ್ಯಾಗ ನಿಂತಿದ್ವಿ ಕಾಕಾ. ಕಲ್ಲದಾವ ಅಷ್ಟ" ಎಂದಳು. ಈಗಲೂ ಕಾಕಾ ಎನ್ನುತ್ತಾಳೆ. ಕಥೆ ಹೇಳು ಎನ್ನುವುದಿಲ್ಲ.

ನಾನು ಸುಮ್ಮನೆ ಕೂತಿಲ್ಲ. ಯಾರಾದರೂ ಲಾರಿ ಈರಣ್ಣ ಎಂದರೆ ತಡೆದು, "ಲಾರಿ ಹತ್ತಿದಾಂವ ನಾನ್ರಿ" ಎಂದು ತಿದ್ದುತ್ತೇನೆ. ಇದರ ಫಲ ಏನಾಯಿತು ಗೊತ್ತೇ? ಮಾಮಾನ ಮಗ, ಈಗ ಚಹಾದಂಗಡಿ ಅವನದು, ಎಲ್ಲರೆದುರು ನನ್ನ ಕೈ ಹಿಡಿದು, "ನಿಮ್ಮದು ಭಾಳ ದೊಡ್ಡ ಮನಸ್ಸು ಬಿಡ್ರಿ. ದೋಸ್ತನ ಮರ್ಯಾದಿ ಕಾಯಾಕ ತಪ್ಪು ನಿಮ್ಮ ಮ್ಯಾಲೆ ಹಾಕ್ಕೊಳ್ಳಾಕತ್ತೀರಿ" ಎಂದ. ಅಲ್ಲಿದ್ದವರೆಲ್ಲ ತಲೆದೂಗಿದರು. ಸುಳ್ಳು ಹೇಳಿದಾಗ ಬರೀ ಶೂರನಾಗಿದ್ದೆ. ನಿಜ ಹೇಳಿ ಮಹಾತ್ಮನೂ ಆದೆ. ಪಕ್ಕದಲ್ಲಿದ್ದ ಈರಣ್ಣ ಬಸಿಗೆ ಚಹಾ ಸುರಿದುಕೊಳ್ಳುತ್ತ, "ಇನ್ನೂ ಮೂವತ್ತು ವರ್ಷ ಹೇಳಬೇಕಾಗತೈತಿ ನೋಡಲೇ" ಎಂದ.

ಹೇಳುತ್ತಿದ್ದೇನೆ. ಅದಕ್ಕೇ ಮೊನ್ನೆ ಬ್ಯಾಡಗಿಯಲ್ಲಿ ಮೂಗಿನಿಂದ ಟವೆಲ್ಲು ತೆಗೆದು ಹಮಾಲನ ಕಡೆ ತಿರುಗಿದೆ. ಅವನು ನನ್ನ ಉತ್ತರ ಕಾಯದೆ ಮತ್ತೊಂದು ಚೀಲ ಎತ್ತಿಕೊಂಡಿದ್ದ.

"ಕುಂತೇನೋ ತಮ್ಮಾ. ಇಂಥಾವ ಚೀಲದ ಮ್ಯಾಲೆ ಕುಂತು ಒಂದು ಘಟ್ಟ ಹತ್ತೇನಿ. ನನ್ನ ದೋಸ್ತ ಬಿಸಲಾಗ ಸೈಕಲ್ ತಳ್ಳಾಕತ್ತಿದ್ದ. ಅವನ್ನ ಕಂಡು ಚೀಲದಾಗ ತಲಿ ಅಡಗಿಸಿದ್ದೆ."

ಅವನು ನನ್ನ ಕೆಂಪಾದ ಕಣ್ಣು, ಸೋರುವ ಮೂಗು ಎರಡನ್ನೂ ನಿಧಾನವಾಗಿ ನೋಡಿದ. ದೊಡ್ಡ ಮನಸ್ಸು ಎನ್ನಲಿಲ್ಲ, ತಲೆದೂಗಲಿಲ್ಲ.

"ಹೌದು ಬಿಡ್ರಿ" ಎಂದ. "ಅಡಗಿಸಿರಬೇಕು ನೀವು."

ನಾನು ಒಂದು ಸಲ ಸೀನಿದೆ. ಎರಡನೆಯದು ಬರಲಿಲ್ಲ, ಅಂಜಿಕೆಯೂ ಬರಲಿಲ್ಲ.