ನೋರಾ ಒಬ್ಬಳೇ ಹೋದಳು

ನಮ್ಮ ಸ್ಯಾನ್ ರಮೋನ್ ಮನೆಯ ಫ್ರೀಜರಿನಲ್ಲಿ ಕರಿಬೇವಿನ ಪಕ್ಕ ಪಾಂಡನ್ ಎಂಬ ಘಮಘಮಿಸುವ ಉದ್ದೆಲೆಯ ಕಟ್ಟೊಂದು ಇರುತ್ತದೆ; ಅನ್ನ ಬೇಯುವಾಗ ಅದನ್ನು ಗಂಟುಕಟ್ಟಿ ಹಾಕಲು ಕಲಿಸಿದವಳು ನನ್ನ ತಮ್ಮ ರವಿಯ ಹೆಂಡತಿ, ಮಲೇಷ್ಯಾದ ಮಲಯ್ ಮುಸ್ಲಿಂ ಹುಡುಗಿ ನೋರಾ.

ಅವಳು ಬೆಳೆದ ಬೀದಿಯಲ್ಲಿ ಮಲಯರು, ಚೀನೀಯರು, ತಮಿಳರು ಹಬ್ಬಕ್ಕೆ ಒಬ್ಬರ ಮನೆಗೊಬ್ಬರು ಹೋಗಿ ಉಣ್ಣುತ್ತಿದ್ದರಂತೆ. ಆಮೇಲೆ ಧರ್ಮದ ಹೊಸ ಹುರುಪು ಬಂತು. ಅವಳ ಅಣ್ಣ ಪ್ರವಚನಗಳಿಗೆ ಹೋಗತೊಡಗಿದ, ಜೂಜು ಬಿಟ್ಟ, ತಾಯಿಯ ಸೇವೆಗೆ ನಿಂತ. ಪಕ್ಕದ ಮನೆಯ ತಮಿಳರ ಊಟವನ್ನೂ ಬಿಟ್ಟ. ಒಳ್ಳೆಯತನವೂ ದೂರವೂ ಜೊತೆಯಾಗಿ ಮನೆಹೊಕ್ಕಾಗ ಯಾವುದನ್ನು ಹೊರಗಟ್ಟುವುದು, ನೀವೇ ಹೇಳಿ.

ಕಳೆದ ವರ್ಷ ಅವಳ ತಂದೆ ಹಾಸಿಗೆ ಹಿಡಿದರು. ರವಿ ಮತಾಂತರವಾಗದ್ದರಿಂದ ಇಲ್ಲಿ ನಡೆದ ಅವರ ಮದುವೆಗೆ ಅಲ್ಲಿನ ಕಾನೂನಿನಲ್ಲಿ ಮಾನ್ಯತೆಯಿಲ್ಲ. ಯಾರಾದರೂ ದೂರಿತ್ತರೆ, ಅವರ ನಾಲ್ಕು ವರ್ಷದ ಮಗಳು ಮೀರಾ ಯಾವ ಧರ್ಮದವಳೆಂಬ ಪ್ರಶ್ನೆ ಎದ್ದು, ಅವಳನ್ನು ಅಲ್ಲೇ ಉಳಿಸಿಕೊಳ್ಳಲೂಬಹುದು.

"ಮಗು ನಿಮ್ ಹತ್ರ ಇರ್ಲಿ, ಅಕ್ಕ," ಎಂದಳು ಒಬ್ಬಳೇ ಹೊರಟುನಿಂತ ನೋರಾ, ತಾನು ಕಲಿತಷ್ಟು ಕನ್ನಡದಲ್ಲಿ. "ಅಣ್ಣ ಏನ್ ಮಾಡ್ತಾನೋ ಗೊತ್ತಿಲ್ಲ."

ಹೋದವಳಿಂದ ಎರಡು ದಿನ ಫೋನಿಲ್ಲ. ರವಿ ಆಫೀಸಿಗೆ ರಜೆ ಹಾಕಿ ನಮ್ಮ ಸೋಫಾದಲ್ಲಿ ಫೋನು ಹಿಡಿದು ಕುಳಿತ. "ಈಸ್ ಮಮ್ಮಾ ಲಾಸ್ಟ್?" ಎಂದು ಮೀರಾ ಕೇಳಿದಾಗ ನಾನು ಅವಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಮೂರನೆಯ ದಿನ ಫೋನಿನಲ್ಲಿ ಅವಳ ದನಿ ಕೇಳಿತು; ನಡೆದದ್ದೆಲ್ಲ ಗೊತ್ತಾದದ್ದು ಅವಳು ಹಿಂದಿರುಗಿದ ಮೇಲೆ. ಏರ್‌ಪೋರ್ಟಿಗೆ ಅಣ್ಣನೇ ಬಂದಿದ್ದನಂತೆ. ರೋಗಿಯನ್ನು ನೋಡಲು ಬಂದವರಿಗೆಲ್ಲ "ನನ್ನ ತಂಗಿ, ಇನ್ನೂ ಮದುವೆಯಾಗಿಲ್ಲ" ಎಂದನಂತೆ, ಸುಳ್ಳನ್ನು ಪಾಪವೆಂದು ನಂಬಿದ ಆ ಮನುಷ್ಯ. ಎಲ್ಲರೂ ಹೋದ ಮೇಲೆ ಬಾಗಿಲಿಗೆ ಚಿಲಕ ಹಾಕಿ, ಮೀರಾಳ ಫೋಟೋವನ್ನು ತಂದೆಯ ಕಣ್ಣೆದುರು ತಾನೇ ಹಿಡಿದನಂತೆ. ತಂದೆ ತೀರಿಕೊಂಡರು. ಅವಳು ಹೊರಡುವಾಗ ಅಣ್ಣ ಹೇಳಿದ್ದಿಷ್ಟು: "ಮಗುವನ್ನು ಕರೆತರಬೇಡ. ನಾನು ಸುಮ್ಮನಿರಬಲ್ಲೆ, ಊರು ಸುಮ್ಮನಿರುವುದಿಲ್ಲ."

ನೋರಾ ಇದನ್ನೆಲ್ಲ ಹೇಳುತ್ತಿದ್ದರೆ ನನಗೆ ನನ್ನದೇ ಒಂದು ಸುಳ್ಳು ನೆನಪಾಯಿತು. ರವಿಯ ಮದುವೆಯಾದ ಹೊಸದರಲ್ಲಿ ಮಂಡ್ಯದಿಂದ ದೊಡ್ಡಪ್ಪ ಫೋನು ಮಾಡಿ, "ಆ ಹುಡ್ಗೀನ ನಮ್ ಧರ್ಮಕ್ಕೆ ಸೇರಿಸ್ಕೊಂಡ್ರೇನವ್ವ?" ಎಂದು ಕೇಳಿದ್ದರು. ನಾನು "ಹ್ಞೂಂ ದೊಡ್ಡಪ್ಪ" ಎಂದುಬಿಟ್ಟಿದ್ದೆ. ಈ ಮಾತು ರವಿಗೂ ಗೊತ್ತಿಲ್ಲ.

"ಬೇಸಿಗೇಲಿ ಮಂಡ್ಯಕ್ಕೆ ಹೋಗೋಣ ಅಂತಾನೆ ರವಿ," ಎಂದಳು ನೋರಾ, ಮಗಳ ಕೂದಲು ನೇವರಿಸುತ್ತ. "ಅಲ್ಲಿ ಭಯ ಇಲ್ಲ ಅಲ್ವಾ, ಅಕ್ಕ?"