ಹೊರಿಸಿದವನೇ ಇಳಿಸಬೇಕು

ತೌಡಿನ ವಾಸನೆ ಬಂದರೆ ಈಗಲೂ ನನಗೆ ಅವನ ಬೆನ್ನು ಕಾಣುತ್ತದೆ. ಇಪ್ಪತ್ತೈದು ವರ್ಷದ ಹಿಂದೆ ನಾನು ಖಾನಾಪುರದ ಅಕ್ಕಿ ಗಿರಣಿಯಲ್ಲಿ ಗುಮಾಸ್ತ, ಅವನು ಹಮಾಲ. ಬಾಗಿ ನಿಂತು, ಹಿಂದೆ ನೋಡದೆ, "ಕೈ ಹಚ್ಚಲೇ ದೋಸ್ತ" ಅನ್ನುತ್ತಿದ್ದ. ಜೋಡಿಯವನು ಚೀಲವನ್ನು ಬೆನ್ನಿಗೇರಿಸುತ್ತಿದ್ದ. ಲಾರಿಯ ಬಳಿ ಇಳಿಸಿಕೊಳ್ಳುವವನೂ ಆ ಜೋಡಿಯವನೇ. ಬೇರೆಯವರಿಗೆ ನಮ್ಮವನು ಬೆನ್ನು ಕೊಡುತ್ತಿರಲಿಲ್ಲ.

ಆ ಜೋಡಿಯವನ ಕಿಡ್ನಿ ಕೆಟ್ಟು, ಬೆಳಗಾವಿಯ ನೆಹರು ನಗರದ ಆಸ್ಪತ್ರೆ ಸೇರಿದ. ಮರುದಿನ ನಮ್ಮವನು ನನ್ನ ಮೇಜಿನ ಬಳಿ ಬಂದ.

"ಐವತ್ತು ಕಿಲೋ ಚೀಲ ನೆಲಕ್ಕ ಇಡಲಾರದ ಬೆಳಗಾವಿ ಮುಟ್ಟತೀನ್ರಿ ಸಾಹೇಬ್ರ. ನೋಡಿದ ಮಂದಿ ಅವನ ಔಷಧಕ್ಕ ಏನರ ಕೊಡ್ತಾರ. ನೀವು ಡಬ್ಬಿ ಹಿಡಕೊಂಡು ಬರ್ರಿ."

"ಇಪ್ಪತ್ತೈದು ಕಿಲೋಮೀಟರ್ ಐತೋ ಮಾರಾಯಾ."

"ಗಿರಣಿಯೊಳಗ ದಿನಾ ಅಷ್ಟ ನಡೀತೀನಲ್ರಿ."

ನಸುಕಿನಲ್ಲಿ, ಕಟ್ಟೆಯ ಮೇಲಿದ್ದ ಚೀಲಕ್ಕೆ ತಾನೇ ಬೆನ್ನು ಕೊಟ್ಟು ಎತ್ತಿಕೊಂಡ; ಹೊರಟೆವು. ದಣಿದಾಗ ಚೀಲವನ್ನು ಮರಕ್ಕೆ ಆನಿಸಿ ನಿಲ್ಲುತ್ತಿದ್ದ, ಇಳಿಸುತ್ತಿರಲಿಲ್ಲ. ಡಬ್ಬಿ ಹಿಡಿಯಲು ಮೊದಮೊದಲು ನನಗೆ ನಾಚಿಕೆ. ಅರ್ಧ ದಾರಿಯ ಹೊತ್ತಿಗೆ ಬಸ್ಸುಗಳನ್ನು ನಾನೇ ಅಡ್ಡಗಟ್ಟುತ್ತಿದ್ದೆ.

ಸಂಜೆ ಆಸ್ಪತ್ರೆಯ ಗೇಟಿನಲ್ಲಿ ಮೂವರು ಓಡಿಬಂದು ಚೀಲಕ್ಕೆ ಕೈ ಹಾಕಿದರು. ಅವನು ಸರಿದು ನಿಂತ. ಕೊನೆಗೆ ಗೆಳೆಯನನ್ನೇ ಗಾಲಿಕುರ್ಚಿಯಲ್ಲಿ ಕೂರಿಸಿ ಹೊರಗೆ ತಂದರು. ಇವನು ಅವನಿಗೆ ಬೆನ್ನು ತಿರುಗಿಸಿ ಬಾಗಿದ.

"ಕೈ ಹಚ್ಚಲೇ ದೋಸ್ತ."

ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದ ಕೈಯೊಂದು ಎದ್ದು ಚೀಲವನ್ನು ಮುಟ್ಟಿತು. ಸದ್ದಿಲ್ಲದೆ ನಾವು ನಾಲ್ವರು ಭಾರ ಹಿಡಿದು ಕೆಳಗಿಳಿಸಿದೆವು.

ಅವನು ಹಿಂದೆ ನೋಡಲಿಲ್ಲ. "ನಿನ್ನ ಕೈ ಇನ್ನೂ ಗಟ್ಟಿ ಐತಿ ಬಿಡಲೇ" ಅಂದ.